ಹಳೆಯ ಫ್ಲಾಶ್‌ಗನ್, ಹೊಸ ಮಿರರ್‌ಲೆಸ್

ಫಿಲಂ ಕಾಲದ ವಿವಿಟಾರ್ 283, ನಿಕಾನ್ ಎಸ್‌ಬಿ-26ರಂಥ ಫ್ಲಾಶ್‌ಗಳು ಬೇಗ ಹಾಳಾಗುವ ಜಾತಿಯವಲ್ಲ. ಮಿರರ್‌ಲೆಸ್ ಕೊಂಡ ಕೂಡಲೇ ಅವನ್ನು ಗುಜರಿಗೆ ಹಾಕುವ ಅಗತ್ಯವೂ ಇಲ್ಲ. ಫ್ಲಾಶ್‌ಗೆ ಕ್ಯಾಮೆರಾದಿಂದ ಬೇಕಾದದ್ದು ‘ಈಗ ಹೊಡಿ’ ಎಂಬ ಒಂದೇ ಸೂಚನೆ. ಹಾಟ್‌ಶೂವಿನ ನಡುವಿನ ಪಿನ್ನಿಗೂ ಬದಿಯ ಲೋಹದ ಅಂಚಿಗೂ ಕ್ಷಣಕಾಲ ಸಂಪರ್ಕ ಕೂಡಿದರೆ ಬೆಳಕು ಹೊಮ್ಮುತ್ತದೆ. ಸುತ್ತಲಿನ ಚಿಕ್ಕ ಪಿನ್ನುಗಳಿರುವುದು ಟಿಟಿಎಲ್‌ಗೆ, ಅಂದರೆ ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಫ್ಲಾಶನ್ನು ಹತೋಟಿಯಲ್ಲಿಡುವ ವ್ಯವಸ್ಥೆಗೆ. ಫಿಲಂ ಕಾಲದ ಟಿಟಿಎಲ್ ಡಿಜಿಟಲ್‌ನಲ್ಲಿ ನಡೆಯುವುದಿಲ್ಲ, ಅದನ್ನು ಮರೆತುಬಿಡಿ. ಕ್ಯಾನನ್ ಆರ್100ರಂಥ ಕೆಲವು ಅಗ್ಗದ ಬಾಡಿಗಳಲ್ಲಿ ನಡುವಿನ ಪಿನ್ನನ್ನೇ ತೆಗೆದಿದ್ದಾರೆ. ಅಂಥ ಕ್ಯಾಮೆರಾಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಕೂರಿಸಿ ನೋಡಿ, ಫ್ಲಾಶಿಗೆ ಸೂಚನೆ ಕಳಿಸುವ ರೇಡಿಯೋ ಟ್ರಿಗರ್ ಕೊಳ್ಳಬೇಕು.

ಹಳೆಯ ಫ್ಲಾಶನ್ನು ಹೊಸ ಕ್ಯಾಮೆರಾದ ಮೇಲೆ ನೇರವಾಗಿ ಕೂರಿಸಬೇಡಿ. ಕಾರಣ, ಟ್ರಿಗರ್ ವೋಲ್ಟೇಜ್, ಅಂದರೆ ಫ್ಲಾಶ್ ತನ್ನ ಪಿನ್ನಿನ ಮೂಲಕ ಕ್ಯಾಮೆರಾಕ್ಕೆ ತಗಲಿಸುವ ವೋಲ್ಟೇಜ್. ಜಪಾನಿನಲ್ಲಿ ತಯಾರಾದ ಮೊದಮೊದಲ 283ಗಳಲ್ಲಿ ಇದು 200 ವೋಲ್ಟ್ ದಾಟುವುದುಂಟು, ನಂತರದವುಗಳಲ್ಲಿ 10ರೊಳಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಐಎಸ್‌ಒ 10330 ಮಾನದಂಡ ಕ್ಯಾಮೆರಾದಿಂದ ಬಯಸುವ ತಾಳಿಕೆ 24 ವೋಲ್ಟ್. ಕೆಲವು ಕಂಪನಿಗಳ ಕ್ಯಾಮೆರಾಗಳು ಇದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತವೆ, ನಿಮ್ಮದರ ಮಿತಿ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಳೆಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಹೊಸ ಸೆಲ್ ಹಾಕಿ, ರೆಡಿ ದೀಪ ಹೊತ್ತಿದ ಮೇಲೆ, ಮೀಟರನ್ನು ಡಿಸಿಯ ದೊಡ್ಡ ರೇಂಜಿನಲ್ಲಿಟ್ಟು ಕೆಂಪು ಕಡ್ಡಿಯನ್ನು ಫ್ಲಾಶ್ ಬುಡದ ನಡುವಿನ ಪಿನ್ನಿಗೂ ಕಪ್ಪನ್ನು ಬದಿಯ ಲೋಹಕ್ಕೂ ತಾಗಿಸಿ. ಫ್ಲಾಶ್ ಬಿಚ್ಚುವ ಸಾಹಸ ಮಾತ್ರ ಬೇಡ. ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಸೆಲ್ ತೆಗೆದ ಮೇಲೂ.

ಕ್ಯಾಮೆರಾದ ಮೇಲೊಂದು ಟ್ರಾನ್ಸ್‌ಮಿಟರ್, ಫ್ಲಾಶಿನ ಬುಡದಲ್ಲೊಂದು ರಿಸೀವರ್ ಇರುವ ರೇಡಿಯೋ ಟ್ರಿಗರ್ ಬಳಸಿದರೆ ಕ್ಯಾಮೆರಾ ಉಳಿಯುತ್ತದೆ. ಫ್ಲಾಶಿನ ವೋಲ್ಟೇಜ್ ರಿಸೀವರಿಗೆ ತಗಲುತ್ತದೆಯೇ ಹೊರತು ಕ್ಯಾಮೆರಾಕ್ಕಲ್ಲ. ರಿಸೀವರಿನ ಮಿತಿಯನ್ನೂ ನೋಡಿಕೊಳ್ಳಿ. ಟ್ರಾನ್ಸ್‌ಮಿಟರ್ ಒಂದನ್ನೇ ಕೊಂಡು ತಂದು ‘ಫ್ಲಾಶ್ ಹೊಡೀತಿಲ್ಲ’ ಎನ್ನುವವರು ಬಹಳ. ಗೊಡಾಕ್ಸ್ ಟ್ರಾನ್ಸ್‌ಮಿಟರ್ ಗೊಡಾಕ್ಸ್‌ನವರ ಹೊಸ ಫ್ಲಾಶ್‌ಗಳ ಜೊತೆ ನೇರ ಮಾತಾಡುತ್ತದೆ, ಆದರೆ ಹಳೆಯ ಫ್ಲಾಶ್‌ಗೆ ಬುಡದಲ್ಲಿ ಕೂರಿಸುವ ರಿಸೀವರ್ ಬೇಕೇ ಬೇಕು. ಯೊಂಗ್ನುವೋ ಆರ್‌ಎಫ್-603ರಂಥ ಜೋಡಿ ಈ ಕೆಲಸಕ್ಕೆಂದೇ ಇರುವುದು.

ಇಷ್ಟಾದರೂ ಹೊಸಬರನ್ನು ಕಂಗೆಡಿಸುವುದು ಕತ್ತಲೆ ಪರದೆ. ಕೋಣೆಯೊಳಗೆ ಐಎಸ್‌ಒ 100, ಎಫ್ 8, 1/160 ಇಟ್ಟರೆ ವ್ಯೂಫೈಂಡರ್ ಕಪ್ಪಾಗುತ್ತದೆ. ಫ್ಲಾಶ್ ಇಲ್ಲದೆ ಚಿತ್ರ ಹೇಗೆ ಬರುತ್ತದೋ ಅದನ್ನೇ ಮಿರರ್‌ಲೆಸ್ ತೋರಿಸುತ್ತಿರುತ್ತದೆ. ತನ್ನದೇ ಕಂಪನಿಯ ಫ್ಲಾಶ್ ಇದ್ದರೆ ಗುರುತಿಸಿ ತಾನೇ ಪರದೆ ಬೆಳಗಿಸೀತು, ಒಂದೇ ಪಿನ್ನಿನ ಟ್ರಿಗರನ್ನು ಅದು ಗುರುತಿಸುವುದಿಲ್ಲ. ಸೋನಿಯಲ್ಲಿ ‘ಲೈವ್ ವ್ಯೂ ಡಿಸ್‌ಪ್ಲೇ’ಯನ್ನು ಸೆಟ್ಟಿಂಗ್ ಎಫೆಕ್ಟ್ ಆಫ್‌ಗೆ ತನ್ನಿ, ಕ್ಯಾನನ್‌ನಲ್ಲಿ ‘ಎಕ್ಸ್‌ಪೋಷರ್ ಸಿಮ್ಯುಲೇಶನ್’ ನಿಲ್ಲಿಸಿ. ಆಟೋ ಐಎಸ್‌ಒ ಕೂಡ ಬೇಡ. ಸೈಲೆಂಟ್ ಶಟರ್ ಇದ್ದರೆ ಬಹುತೇಕ ಕ್ಯಾಮೆರಾಗಳು ಫ್ಲಾಶಿಗೆ ಸೂಚನೆಯನ್ನೇ ಕಳಿಸುವುದಿಲ್ಲ, ಮೆಕ್ಯಾನಿಕಲ್‌ಗೆ ಬನ್ನಿ. ವೇಗ 1/160 ದಾಟದಿರಲಿ. ಚಿತ್ರದ ಒಂದಂಚಿನಲ್ಲಿ ಕಪ್ಪು ಪಟ್ಟಿ ಕಂಡರೆ 1/125ಕ್ಕೆ ಇಳಿಸಿ.

ಬೆಳಕಿನ ಲೆಕ್ಕಕ್ಕೆ ಗೈಡ್ ನಂಬರ್ ಇದೆ. 35 ಮಿ.ಮೀ. ಜೂಮ್‌ನಲ್ಲಿ, ಐಎಸ್‌ಒ 100ಕ್ಕೆ ಎಸ್‌ಬಿ-26ರದು 36 ಮೀಟರ್. ಮೂರು ಮೀಟರ್ ದೂರದ ಮುಖಕ್ಕೆ 36ನ್ನು 3ರಿಂದ ಭಾಗಿಸಿದರೆ 12, ಅಂದರೆ ಎಫ್ 11ರ ಆಸುಪಾಸು. ದೂರ ಎಂದರೆ ಫ್ಲಾಶಿನಿಂದ ಮುಖಕ್ಕೆ. ಕ್ಯಾಮೆರಾ ಎಲ್ಲಿದ್ದರೂ ಲೆಕ್ಕಕ್ಕಿಲ್ಲ. ಕಾಲು ಶಕ್ತಿಗೆ ಇಳಿಸಿದರೆ ನಂಬರ್ ಅರ್ಧವಾಗುತ್ತದೆ, ಎಫ್ 5.6 ಸಾಕು. ಛತ್ರಿ ಕಟ್ಟಿದರೆ ಒಂದೆರಡು ಸ್ಟಾಪ್ ಹೋಗುತ್ತದೆ. ವಿವಿಟಾರ್ 283ರಲ್ಲಿ ಶಕ್ತಿ ಇಳಿಸಲು ವಿಪಿ-1 ಎಂಬ ಬಿಡಿಭಾಗ ಬೇಕು. ಅದಿಲ್ಲದಿದ್ದರೆ ಅದರ ಆಟೋ ಮೋಡ್ ಬಳಸಿ: ಎದುರಿನ ಸೆನ್ಸರ್ ವಾಪಸು ಬಂದ ಬೆಳಕನ್ನು ಅಳೆದು ಫ್ಲಾಶನ್ನು ತಾನೇ ಆರಿಸುತ್ತದೆ. ನನಗಂತೂ ಇದು ಎಷ್ಟೋ ಹೊಸ ಟಿಟಿಎಲ್‌ಗಳಷ್ಟೇ ನಂಬಿಕಸ್ಥ. ಸೆನ್ಸರಿನ ಮುಂದೆ ಛತ್ರಿಯ ಬಟ್ಟೆ ಅಡ್ಡ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ.

ವರ್ಷಗಟ್ಟಲೆ ಬಿದ್ದಿದ್ದ ಫ್ಲಾಶ್ ಆದರೆ ಸೆಲ್ ಹಾಕಿ ಕೆಲ ನಿಮಿಷ ಆನ್ ಇಟ್ಟು, ಕೆಪಾಸಿಟರ್ ಚೇತರಿಸಿಕೊಂಡ ಮೇಲೆ ಹೊಡೆಯಿರಿ. ಎಸ್‌ಬಿ-26ರ ಸ್ವಿಚ್ಚನ್ನು ಸ್ಟ್ಯಾಂಡ್‌ಬೈನಲ್ಲಿ ಬಿಡದೆ ಆನ್‌ನಲ್ಲಿಡಿ. ನಿದ್ದೆಹೋದ ಫ್ಲಾಶನ್ನು ಒಂದು ಪಿನ್ನಿನ ರಿಸೀವರ್ ಎಬ್ಬಿಸಲಾರದು.

ಓಡಾಡುತ್ತ ತೆಗೆಯುವ ಮದುವೆ ಫೋಟೋಗೆ, ಮಟಮಟ ಬಿಸಿಲಲ್ಲಿ ಹೈಸ್ಪೀಡ್ ಸಿಂಕ್‌ಗೆ ಹೊಸ ಫ್ಲಾಶ್ ಕೊಳ್ಳುವುದೇ ಸರಿ. ಸ್ಟ್ಯಾಂಡ್ ಮೇಲೆ ನಿಂತು ಒಂದೇ ಕಡೆ ಬೆಳಕು ಕೊಡುವ ಕೆಲಸಕ್ಕೆ ಹಳೆಯದೇ ಸಾಕು.