ಹೊಲಿಗೆ ಬಿಚ್ಚಿದ ಮೇಲಿನ ಲೆಕ್ಕ

ಹಂಪನಕಟ್ಟೆಯ ಮೆಡಿಕಲ್ ಶಾಪುಗಳ ಗಾಜಿಗೆ ಅಂಟಿಸಿದ ಎ4 ಹಾಳೆಗಳನ್ನು ಮಂಗಳೂರಿನವರೆಲ್ಲ ನೋಡಿರುತ್ತೇವೆ. ಮೇಲೊಂದು ಪಾಸ್‌ಪೋರ್ಟ್ ಫೋಟೊ, ಕೆಳಗೆ ಕ್ಯೂಆರ್ ಕೋಡ್, ನಡುವೆ ದಪ್ಪ ಅಕ್ಷರದಲ್ಲಿ ನೆರವಿಗೆ ಮನವಿ. ಮೂರು ವರ್ಷದ ಹಿಂದೆ ಅಂಥದೇ ಹಾಳೆಗಳ ಕಟ್ಟು, ಒಂದು ಗೋಂದಿನ ಬಾಟಲಿ ಹಿಡಿದುಕೊಂಡು ನಾವೇ ಸ್ಟೇಟ್‌ಬ್ಯಾಂಕ್‌ನಿಂದ ಕಂಕನಾಡಿಯವರೆಗೆ ತಿರುಗಿದ್ದೆವು. ದೊಡ್ಡಪ್ಪನ ಮಗನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ತನ್ನದೊಂದನ್ನು ಕೊಡಲು ದೊಡ್ಡಮ್ಮ ತಯಾರಿದ್ದರು. ಬೇಕಿದ್ದದ್ದು 8 ಲಕ್ಷ ರೂಪಾಯಿ. ಅದು ಕೂಡಿಯೂ ಕೂಡಿತು. ಕೇಳಿದ ಮೊತ್ತವೇ ತಪ್ಪು ಎಂದು ಗೊತ್ತಾದದ್ದು ಆಮೇಲೆ. ಆ ಓಡಾಟದಲ್ಲಿ ನಾವು ನಂಬಿದ್ದ, ಊರು ಈಗಲೂ ನಂಬುವ ಕೆಲವು ಮಾತುಗಳಿಗೆ ಇಲ್ಲಿ ಉತ್ತರವಿದೆ.

ತಪ್ಪು ಕಲ್ಪನೆ: ಆಪರೇಷನ್ನಿನ ಬಿಲ್ಲು ಕಟ್ಟಿದರೆ ಖರ್ಚು ಮುಗಿಯಿತು. ರೋಗಿ ಮನೆಗೆ ಬಂದ ದಿನ ಸಂಗ್ರಹ ನಿಲ್ಲಿಸಬಹುದು.

ವಾಸ್ತವ: ನಾವು ಮಾಡಿದ್ದು ಇದನ್ನೇ. ಡಿಸ್ಚಾರ್ಜ್ ಆದ ಸಂಜೆ ಗಾಜಿನ ಮೇಲಿನ ಹಾಳೆಗಳನ್ನು ಕಿತ್ತು, ದಾನಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕೈಮುಗಿದ ಚಿತ್ರ ಕಳಿಸಿ ನಿಶ್ಚಿಂತರಾದೆವು. ಬೇರೆಯವರ ಅಂಗವನ್ನು ದೇಹ ತನ್ನದೆಂದು ಯಾವತ್ತೂ ಒಪ್ಪುವುದಿಲ್ಲ. ಒಳಗಿನ ಕಾವಲು ಪಡೆ ಅದರ ಮೇಲೆ ಬೀಳದಂತೆ ತಡೆಯಲು ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್‌ನಂಥ ಔಷಧಗಳು ಬೇಕು. ಕಸಿಯಾದ ಅಂಗ ಕೆಲಸ ಮಾಡುವಷ್ಟು ಕಾಲವೂ ಬೇಕು. ಅಣ್ಣನಿಗೆ ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಮೊಬೈಲಿನಲ್ಲಿ ಅಲಾರಂ ಹೊಡೆಯುತ್ತದೆ. ಮದುವೆಯ ಊಟದ ಪಂಕ್ತಿಯಲ್ಲಿದ್ದರೂ ಕಿಸೆಯಿಂದ ಸ್ಟ್ರಿಪ್ ಹೊರಗೆ ಬರಲೇಬೇಕು. ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸುವ ಅಪಾಯ, ಹೆಚ್ಚಾದರೆ ಅದೇ ಔಷಧದಿಂದ ಕಿಡ್ನಿಗೆ ಏಟು. ಹಾಗಾಗಿ ಮೊದಲ ತಿಂಗಳುಗಳಲ್ಲಿ ಮೇಲಿಂದ ಮೇಲೆ ರಕ್ತ ಪರೀಕ್ಷೆ. ಮಾತ್ರೆ, ಪರೀಕ್ಷೆ, ಡಾಕ್ಟರ ಭೇಟಿ ಸೇರಿ ಮೊದಲ ವರ್ಷ ನಮಗೆ ತಿಂಗಳಿಗೆ ಹತ್ತಿರ ಹತ್ತಿರ 14,000 ರೂ. ತಗಲಿತು.

ಎಸ್ಟಿಮೇಟಿನಲ್ಲಿ ಎಲ್ಲೂ ಕಾಣದ ಇನ್ನೊಂದು ಖರ್ಚು ಕಿಡ್ನಿ ಕೊಟ್ಟವರದು. ದೊಡ್ಡಮ್ಮ ಬೀಡಿ ಕಟ್ಟುವವರು. ಹೊಟ್ಟೆಯ ಪಕ್ಕದ ಗಾಯ ಮಾಗುವವರೆಗೆ ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಬಗ್ಗಿ ಕೂರುವಂತಿರಲಿಲ್ಲ. ಎರಡು ತಿಂಗಳ ಮಜೂರಿ ಹೋಯಿತು. ಅಣ್ಣನಿಗೆ ಸೋಂಕು ತಗಲಬಾರದೆಂದು ಅಷ್ಟೂ ದಿನ ಅತ್ತಿಗೆಯೂ ಕೆಲಸಕ್ಕೆ ಹೋಗಲಿಲ್ಲ. ಕಿಡ್ನಿ ಕಸಿಯಾದರೆ ಕುಂಟಿಕಾನ, ದೇರಳಕಟ್ಟೆಯ ಆಸ್ಪತ್ರೆಗಳಲ್ಲೇ ಆಗುತ್ತದೆ, ಮನೆಯ ಗಂಜಿ ಆಸ್ಪತ್ರೆಗೆ ತಲುಪುತ್ತದೆ. ಯಕೃತ್ತು, ಹೃದಯ ಎಂದು ಘಾಟಿ ಹತ್ತಿ ಬೆಂಗಳೂರಿಗೆ ಹೋದವರು ಆಸ್ಪತ್ರೆಯ ಹತ್ತಿರ ಎರಡು ಮೂರು ತಿಂಗಳು ಬಾಡಿಗೆ ಮನೆ ಹಿಡಿಯಬೇಕು. ಆ ಅಡ್ವಾನ್ಸು, ಗ್ಯಾಸು, ಅಕ್ಕಿ ಯಾವ ಮನವಿ ಪತ್ರದಲ್ಲಿಯೂ ಇರುವುದಿಲ್ಲ.

ಏಳನೇ ತಿಂಗಳು ಮತ್ತೆ ಜನರ ಮುಂದೆ ಕೈ ಚಾಚಿದಾಗ ಮೊದಲು ಕೊಟ್ಟವರೇ ಕೇಳಿದರು: ಆಪರೇಷನ್ ಆಯ್ತಲ್ಲ ಮಾರಾಯ್ರೇ, ಇನ್ನೆಂತಕ್ಕೆ? ಅವರದು ತಪ್ಪಲ್ಲ. ಹಾಳೆಯಲ್ಲಿ ಶಸ್ತ್ರಚಿಕಿತ್ಸೆಗೆ 8 ಲಕ್ಷ ಎಂದು ಬರೆದವರು ನಾವು. ಶಸ್ತ್ರಚಿಕಿತ್ಸೆಗೆ ಇಷ್ಟು, ಮುಂದಿನ ಎರಡು ವರ್ಷದ ಔಷಧಕ್ಕೆ ಇಷ್ಟು, ಅಂಗ ಕೊಟ್ಟವರ ಆರೈಕೆಗೆ ಇಷ್ಟು ಎಂದು ಮೂರು ಸಾಲು ಬರೆದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ತಪ್ಪು ಕಲ್ಪನೆ: ರೋಗಿಯ ಫೋಟೊ ಇರುವ ಸಂದೇಶವನ್ನು ಫಾರ್ವರ್ಡ್ ಮಾಡಿದರೆ ಪ್ರತಿ ಶೇರ್‌ಗೆ ಇಷ್ಟು ಎಂದು ಕಂಪನಿಯೇ ಹಣ ಕೊಡುತ್ತದೆ.

ವಾಸ್ತವ: ಯಾವ ಕಂಪನಿಯೂ ಕೊಡುವುದಿಲ್ಲ, ಹಿಂದೆ ಕೊಟ್ಟದ್ದೂ ಇಲ್ಲ. ಇಂಥ ಸಂದೇಶದಲ್ಲಿರುವ ಮಗುವಿನ ಫೋಟೊ ಎಷ್ಟೋ ಸಲ ಎಲ್ಲಿಂದಲೋ ಎತ್ತಿದ್ದಾಗಿರುತ್ತದೆ. ಕಳಿಸಿದವರಿಗೆ ಪುಣ್ಯ ಕಟ್ಟಿಕೊಂಡ ಸಮಾಧಾನ ಸಿಗುತ್ತದೆ, ರೋಗಿಗೆ ಏನೂ ಸಿಗುವುದಿಲ್ಲ.

ತಪ್ಪು ಕಲ್ಪನೆ: ಬಿಪಿಎಲ್ ಕಾರ್ಡ್ ಇದ್ದರೆ ಸರಕಾರ ಪೂರ್ತಿ ಕೊಡುತ್ತದೆ. ಇಲ್ಲದಿದ್ದರೆ ಒಂದು ಪೈಸೆಯೂ ಇಲ್ಲ.

ವಾಸ್ತವ: ಎರಡೂ ಅರ್ಧ ಸತ್ಯ. ಬಡ ಕುಟುಂಬಗಳ ಅಂಗ ಕಸಿಗೆ ನೆರವು ಕೊಡುವ ವ್ಯವಸ್ಥೆ ರಾಜ್ಯದಲ್ಲಿದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತದೆ. ಆದರೆ ಅದು ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ, ಅದೂ ಮುಂಗಡ ಅನುಮೋದನೆ ಸಿಕ್ಕಿದ ಮೇಲೆ. ಆಪರೇಷನ್ ಮುಗಿಸಿ ಬಿಲ್ಲು ಹಿಡಿದುಕೊಂಡು ಹೋದರೆ ಬಾಗಿಲು ಮುಚ್ಚಿರುತ್ತದೆ. ಆಸ್ಪತ್ರೆಗೆ ಕಾಲಿಟ್ಟ ದಿನವೇ ಅಲ್ಲಿ ಟ್ರಸ್ಟಿನ ಸಹಾಯಕರಾದ ಆರೋಗ್ಯಮಿತ್ರರ ಮೇಜು ಎಲ್ಲಿದೆ ಎಂದು ಹುಡುಕಬೇಕು. ನಾವು ಹುಡುಕಿದ್ದು ಹನ್ನೊಂದನೇ ದಿನ!

1948ರಲ್ಲಿ ದೇಶ ವಿಭಜನೆಯ ನಿರಾಶ್ರಿತರಿಗೆಂದು ನೆಹರೂ ಆರಂಭಿಸಿದ ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಇಂದು ಕಿಡ್ನಿ ಕಸಿ, ಹೃದಯದ ಶಸ್ತ್ರಚಿಕಿತ್ಸೆಗಳಿಗೂ ನೆರವಾಗುತ್ತದೆ. ಅದು ಖರ್ಚಿನ ಒಂದು ಪಾಲು ಮಾತ್ರ. ಅರ್ಜಿಯ ಜೊತೆ ಆಸ್ಪತ್ರೆಯ ಮೂಲ ಎಸ್ಟಿಮೇಟ್, ಆದಾಯ ಪತ್ರ ಬೇಕು, ಇಲ್ಲಿಯೂ ಚಿಕಿತ್ಸೆಗೆ ಮುಂಚೆಯೇ ಹಾಕಬೇಕು. ಮಂಜೂರಾದ ಹಣ ಹೋಗುವುದು ಆಸ್ಪತ್ರೆಗೆ, ನಮ್ಮ ಖಾತೆಗಲ್ಲ. ಶಾಸಕರ ಪತ್ರದೊಂದಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಎಲ್ಲ ಸೇರಿದರೂ ಬಿಲ್ಲಿನ ಬುಡ ಮುಟ್ಟದಿರಬಹುದು. ಆದರೂ ಬಸ್ಸಿನಲ್ಲಿ ಡಬ್ಬಿ ಹಿಡಿಯುವ ಮೊದಲು ಈ ಅರ್ಜಿಗಳು ಹೋಗಿರಲಿ.

ತಪ್ಪು ಕಲ್ಪನೆ: ಮನೆಯವರ ಗೂಗಲ್ ಪೇ ನಂಬರು ಕೊಡುವುದೇ ಎಲ್ಲಕ್ಕಿಂತ ಸುಲಭ. ಆನ್‌ಲೈನ್ ಸಂಗ್ರಹ ತಾಣಗಳು ಅರ್ಧ ಹಣ ನುಂಗುತ್ತವೆ.

ವಾಸ್ತವ: ಸುಲಭ ಹೌದು, ಕ್ಷೇಮವಲ್ಲ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂ. ಮೀರಿ ಬಂದ ಹಣವನ್ನು ಆದಾಯವೆಂದು ನೋಡಲು ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಕಾಯಿಲೆಯ ಮನೆಗೆ ನೋಟಿಸು ಬಂದರೆ ಉತ್ತರಿಸುವ ತ್ರಾಣ ಯಾರಿಗಿರುತ್ತದೆ? ಮೊದಲೇ ಒಬ್ಬ ಆಡಿಟರನ್ನು ಕೇಳುವುದು ಒಳ್ಳೆಯದು. ಆದಷ್ಟು ಹಣ ರೋಗಿಯ ದಾಖಲಾತಿ ಸಂಖ್ಯೆ ನಮೂದಿಸಿ ನೇರ ಆಸ್ಪತ್ರೆಯ ಖಾತೆಗೇ ಹೋದರೆ ಕೊಟ್ಟವರಿಗೂ ಅನುಮಾನ ಉಳಿಯುವುದಿಲ್ಲ.

ಮಿಲಾಪ್, ಕೆಟ್ಟೊ, ಇಂಪ್ಯಾಕ್ಟ್‌ಗುರುವಿನಂಥ ತಾಣಗಳು ಅರ್ಧ ನುಂಗುವುದಿಲ್ಲ, ಹಾಗೆಂದು ಎಲ್ಲವೂ ಪುಕ್ಕಟೆಯೂ ಅಲ್ಲ. ಪಾವತಿ ಶುಲ್ಕ, ಅದರ ಮೇಲೆ ಜಿಎಸ್‌ಟಿ, ನಮ್ಮ ಮನವಿಗೆ ಜಾಹೀರಾತು ಹಾಕಿದರೆ ಅದರ ವೆಚ್ಚ, ಕೆಲವೆಡೆ ದಾನಿಯಿಂದಲೇ ಕೇಳುವ ಟಿಪ್ಪು ಇವೆಲ್ಲ ಇರುತ್ತವೆ. ಒಪ್ಪಂದವನ್ನು ಕೊನೆಯ ಸಾಲಿನವರೆಗೆ ಓದದೆ ಒತ್ತಬಾರದು. ದಾನಿಗಳಿಗೂ ಒಂದು ಮಾತು: ವ್ಯಕ್ತಿಯ ಚಿಕಿತ್ಸೆಗೆ ನೇರವಾಗಿ ಕೊಟ್ಟ ಹಣಕ್ಕೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದಕ್ಕೆ ನೋಂದಾಯಿತ ಟ್ರಸ್ಟಿನ ರಸೀದಿ ಬೇಕು.

ಮಂಗಳೂರೆಂದ ಮೇಲೆ ಗಲ್ಫಿನ ಮಾತು ಬರಲೇಬೇಕು. ವಿದೇಶದಿಂದ ಹಣ ಬಂದರೆ ಕೇಸಾಗುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ದುಬೈಯ ಗೆಳೆಯರು ಕಳಿಸಿದ್ದನ್ನು ನಾವು ಒಂದು ವಾರ ಮುಟ್ಟಲೇ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರು ಹೆಚ್ಚಾಗಿ ಈ ಗುಂಪಿನವರೇ. ಅಮೆರಿಕ, ಕೆನಡಾದ ಪೌರತ್ವ ಪಡೆದವರ ವಿಷಯ ಬೇರೆ. ಅವರು ಹತ್ತಿರದ ಬಂಧುವಲ್ಲದಿದ್ದರೆ ಕಾನೂನು ಅಡ್ಡ ಬರಬಹುದು, ಮೊದಲೇ ಕೇಳಿಕೊಳ್ಳಬೇಕು.

ತಪ್ಪು ಕಲ್ಪನೆ: ಹಣವಿದ್ದರೆ ಕಿಡ್ನಿ ಕೊಳ್ಳಬಹುದು. ಪಟ್ಟಿಯಲ್ಲಿ ಮುಂದೆ ಹೋಗಬಹುದು.

ವಾಸ್ತವ: 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಂಗ ಮಾರುವುದು, ಕೊಳ್ಳುವುದು, ದಲ್ಲಾಳಿಯಾಗುವುದು ಎಲ್ಲವೂ ಅಪರಾಧ. 2011ರ ತಿದ್ದುಪಡಿಯ ನಂತರ ಶಿಕ್ಷೆ 5ರಿಂದ 10 ವರ್ಷ ಜೈಲು, ದಂಡ 20 ಲಕ್ಷದಿಂದ 1 ಕೋಟಿ ರೂ. ಹೆತ್ತವರು, ಮಕ್ಕಳು, ಒಡಹುಟ್ಟಿದವರು, ಗಂಡ-ಹೆಂಡತಿ, ಅಜ್ಜ-ಅಜ್ಜಿ, ಮೊಮ್ಮಕ್ಕಳು ಹತ್ತಿರದ ಬಂಧುಗಳು. ಇವರಲ್ಲದವರು ಪ್ರೀತಿಯಿಂದ ಕೊಡುವುದಾದರೂ ಅಧಿಕೃತ ಸಮಿತಿಯ ಮುಂದೆ ಕೂತು ಉತ್ತರಿಸಬೇಕು. ಮೆದುಳು ನಿಷ್ಕ್ರಿಯರಾದವರ ಅಂಗಗಳನ್ನು ರಾಜ್ಯದಲ್ಲಿ ಹಂಚುವುದು ಜೀವಸಾರ್ಥಕತೆ ಸಂಸ್ಥೆ. ಅಲ್ಲಿ ರಕ್ತದ ಗುಂಪು, ಕಾದ ಅವಧಿ, ರೋಗದ ತೀವ್ರತೆ ನೋಡುತ್ತಾರೆಯೇ ಹೊರತು ಕೂಡಿದ ದುಡ್ಡನ್ನಲ್ಲ. 65 ವರ್ಷ ದಾಟಿದವರು ನೋಂದಾಯಿಸುವಂತಿಲ್ಲ ಎಂಬ ಮಾತೂ ಹಳೆಯದು, ಆ ಮಿತಿಯನ್ನು ಕೇಂದ್ರ 2023ರಲ್ಲಿ ತೆಗೆದಿದೆ. ಇನ್ನು ಕಿಡ್ನಿಗೆ ಕೋಟಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಮೊಬೈಲಿಗೆ ಬರುವ ಜಾಹೀರಾತು ನೂರಕ್ಕೆ ನೂರು ಮೋಸ.

ತಪ್ಪು ಕಲ್ಪನೆ: ಕೊಟ್ಟವರು ಮುಂದಿನ ಜನ್ಮದಲ್ಲಿ ಆ ಅಂಗವಿಲ್ಲದೆ ಹುಟ್ಟುತ್ತಾರೆ. ಪಡೆದವರಿಗೆ ಕೊಟ್ಟವರ ಗುಣ ಬರುತ್ತದೆ.

ವಾಸ್ತವ: ನಗುವುದು ಬೇಡ. ದೊಡ್ಡಮ್ಮನ ಅಕ್ಕ ಇದೇ ಮಾತು ಹೇಳಿ ಎರಡು ದಿನ ಅತ್ತಿದ್ದರು. ಮುಂದಿನ ಜನ್ಮದ ದಾಖಲೆ ಯಾರ ಬಳಿಯೂ ಇಲ್ಲ. ಶಾಸ್ತ್ರದ ಮಾತೇ ಬೇಕೆಂದರೆ, ಬೆನ್ನೆಲುಬನ್ನೇ ಕೊಟ್ಟ ದಧೀಚಿಯನ್ನು ನಮ್ಮ ಪುರಾಣ ಶಪಿಸಲಿಲ್ಲ, ಹೊಗಳಿತು. ಊರಿನ ಉಳಿದ ಮನೆಗಳಿಗೂ ಅಡ್ಡಿಯಿಲ್ಲ: 1988ರಲ್ಲಿ ಜಿದ್ದಾದ ಇಸ್ಲಾಮಿಕ್ ಫಿಖ್ ಅಕಾಡೆಮಿ ಷರತ್ತುಗಳೊಂದಿಗೆ ಅಂಗದಾನಕ್ಕೆ ಒಪ್ಪಿತು, 2000ದಲ್ಲಿ ಪೋಪ್ ಎರಡನೇ ಜಾನ್ ಪಾಲ್ ರೋಮಿನ ಕಸಿ ತಜ್ಞರ ಸಮ್ಮೇಳನದಲ್ಲಿ ಅದನ್ನು ಪ್ರೀತಿಯ ಕಾರ್ಯವೆಂದರು.

ಗುಣದ ವಿಷಯ ಕೇಳಿ. ಅಣ್ಣ ಮನೆಗೆ ಬಂದ ಮೇಲೆ ಸಣ್ಣ ಮಾತಿಗೂ ರೇಗತೊಡಗಿದ. ಥೇಟ್ ಅಮ್ಮನ ಸಿಟ್ಟು, ಕಿಡ್ನಿಯ ಜೊತೆ ಅದೂ ಬಂದಿದೆ ಎಂದು ಮನೆಯಲ್ಲಿ ತೀರ್ಪಾಯಿತು. ನಾವೂ ತಲೆಯಾಡಿಸಿದೆವು. ಕಾರಣ ಸ್ಟಿರಾಯ್ಡ್. ಪ್ರೆಡ್ನಿಸೊಲೋನ್ ಹೆಚ್ಚಿನ ಪ್ರಮಾಣದಲ್ಲಿದ್ದಾಗ ನಿದ್ದೆ ಕೆಡುತ್ತದೆ, ಮುಖ ಊದುತ್ತದೆ, ಸಿಡುಕು ಹೆಚ್ಚುತ್ತದೆ. ಡಾಕ್ಟರು ಡೋಸ್ ಇಳಿಸಿದಂತೆ ಅಮ್ಮನ ಸಿಟ್ಟು ಅಮ್ಮನ ಬಳಿಗೇ ಮರಳಿತು.

ತಪ್ಪು ಕಲ್ಪನೆ: ರೋಗಿಯ ನಿರೋಧಕ ಶಕ್ತಿ ಕುಗ್ಗಿದೆ. ಅಮೃತಬಳ್ಳಿ ಕಷಾಯ ಕೊಟ್ಟರೆ ಮದ್ದಿನ ಖರ್ಚೂ ಉಳಿಯುತ್ತದೆ.

ವಾಸ್ತವ: ಆ ಶಕ್ತಿಯನ್ನು ಕುಗ್ಗಿಸಲೆಂದೇ ತಿಂಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಿದ್ದೇವೆ. ಅದನ್ನು ಕೆರಳಿಸುವ ಕಷಾಯ ಕುಡಿಸುವುದೆಂದರೆ ಊರವರು ಕೊಟ್ಟ ಹಣವನ್ನು ಒಲೆಗೆ ಹಾಕಿದಂತೆ. ಹಿತ್ತಿಲ ಚಕ್ಕೋತ ಹಣ್ಣೂ ಬೇಡ. ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಲ್ಲದು.

ತಪ್ಪು ಕಲ್ಪನೆ: ಹಂಚಿನ ಮನೆ, ಸ್ಕೂಟರು ಇದ್ದವರು ಕೇಳುವುದು ನಾಚಿಕೆಗೇಡು. ನಿಜವಾದ ಬಡವರಿಗೆ ಮಾತ್ರ ಕೊಡಬೇಕು.

ವಾಸ್ತವ: ಮನೆ ಮಾರಿದರೆ ರೋಗಿಯನ್ನು ಆಸ್ಪತ್ರೆಯಿಂದ ಎಲ್ಲಿಗೆ ಕರೆತರುವುದು? ಸೋಂಕು ತಗಲದ ಒಂದು ಕೋಣೆ, ನೀರು ಬರುವ ಒಂದು ಬಚ್ಚಲು ಚೇತರಿಕೆಯ ಭಾಗವೇ. ಈ ಸೀಮೆಯಲ್ಲಿ ಕೇಳುವುದು ಅವಮಾನವಾಗಿರಲಿಲ್ಲ. ಖಾಸಗಿ ಬಸ್ಸಿನವರು ಒಂದು ದಿನದ ಕಲೆಕ್ಷನ್ ಪೂರ್ತಿ ಒಬ್ಬ ರೋಗಿಗೆ ಬಿಟ್ಟುಕೊಡುವುದುಂಟು. ಉಡುಪಿ ಜಿಲ್ಲೆಯ ಕಟಪಾಡಿಯ ಕಟ್ಟಡ ಕಾರ್ಮಿಕ ರವಿ ಕಟಪಾಡಿ ಕೃಷ್ಣಾಷ್ಟಮಿಗೆ ಮೈತುಂಬ ಬಣ್ಣ ಬಳಿದು ವೇಷ ಹಾಕಿ, ಕೂಡಿದ್ದನ್ನು ಕಾಯಿಲೆಯ ಮಕ್ಕಳ ಹೆತ್ತವರಿಗೆ ಹಂಚುತ್ತ ಬಂದವರು. ವೇಷ ಹಾಕಿದವರ ಡಬ್ಬಿಗೆ ಹತ್ತು ರೂಪಾಯಿ ಹಾಕುವಾಗ ಯಾರೂ ಅವರ ರೇಷನ್ ಕಾರ್ಡಿನ ಬಣ್ಣ ಕೇಳುವುದಿಲ್ಲ.

ತಪ್ಪು ಕಲ್ಪನೆ: ಹಣ ಉಳಿದರೆ ಅದು ಮನೆಯವರದು. ರೋಗಿ ತೀರಿಕೊಂಡರೆ ಲೆಕ್ಕ ಕೇಳಬಾರದು.

ವಾಸ್ತವ: ಈ ಮಾತು ತೆಗೆಯಲು ಯಾರಿಗೂ ಬಾಯಿ ಬರುವುದಿಲ್ಲ, ನಮಗೂ ಬಂದಿರಲಿಲ್ಲ. ಆದರೆ ಕಸಿಗೆ ಕಾಯುತ್ತಲೇ ಹೋದವರಿದ್ದಾರೆ, ಕಸಿಯಾದ ಮೇಲೂ ಹೋದವರಿದ್ದಾರೆ. ಉಳಿದದ್ದು ಏನಾಗುತ್ತದೆ ಎಂದು ಮನವಿಯಲ್ಲೇ ಒಂದು ಸಾಲು ಬರೆಯುವುದು ಅಪಶಕುನವಲ್ಲ. ಕೊಟ್ಟವರು ದುಃಖದ ಮನೆಗೆ ಬಂದು ಲೆಕ್ಕ ಕೇಳುವ ಸಂಕಟ ಅದರಿಂದ ತಪ್ಪುತ್ತದೆ.

ನಮ್ಮದು ನೂರು ಪುಟದ ನೋಟ್‌ಬುಕ್. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಎರಡನೇ ಸಲ ಕೇಳಲು ಹೊರಟಾಗ ಅದರ ಜೆರಾಕ್ಸ್ ಕೈಯಲ್ಲಿತ್ತು. ಇನ್ನೆಂತಕ್ಕೆ ಎಂದು ಕೇಳಿದ್ದ ಅಂಗಡಿಯವರು ಬಲಗಡೆಯ ಸಾಲುಗಳ ಮೇಲೆ ಬೆರಳಿಟ್ಟು, ಕನ್ನಡಕ ಏರಿಸಿ, ಔಷಧದ ಹೆಸರುಗಳನ್ನು ಒಂದೊಂದಾಗಿ ಓದಿದರು. ಹಾಳೆ ಅಂಟಿಸಲು ಅವರೇ ಗಾಜು ಒರೆಸಿ ಕೊಟ್ಟರು.