ಅರಳುಮರುಳಿನ ವಯಸ್ಸಿನಲ್ಲಿ ಮಂಜಿನ ಮೇಲೊಂದು ಪಂದ್ಯ

ಅರವತ್ತಕ್ಕೆ ಅರಳುಮರುಳು ಎಂಬ ಗಾದೆಯನ್ನು ನನ್ನ ಪತ್ನಿ ನೆನಪಿಸಿದ್ದು ಕೆನಡಾದ ಕ್ಯಾಲ್ಗರಿ ನಗರದಲ್ಲಿ, ನಾನು 500 ಮೀಟರ್ ಸ್ಪೀಡ್ ಸ್ಕೇಟಿಂಗ್ ಪಂದ್ಯಕ್ಕೆ ಹೆಸರು ನೋಂದಾಯಿಸಿ ಬಂದ ಸಂಜೆ. ಆಗ ನನಗೆ 64 ವರ್ಷ. ‘ರೀ, ಈ ವಯಸ್ಸಿನಲ್ಲಿ ಸೊಂಟ ಮುರಿದುಕೊಂಡರೆ ಈ ಪರದೇಶದಲ್ಲಿ ಮಗಳಿಗೆ ಎಷ್ಟು ಕಷ್ಟ, ಯೋಚಿಸಿದ್ದೀರಾ?’ ಎಂಬ ಆಕೆಯ ಪ್ರಶ್ನೆಗೆ ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಪ್ರವಾಸಿ ವಿಮೆಯ ಕರಾರನ್ನು ಕೊನೆಯ ಸಾಲಿನವರೆಗೆ ಓದಿ, ಹೆಚ್ಚುವರಿ ಕಂತು ಕಟ್ಟಿದ ಬಳಿಕವಷ್ಟೇ ಮನೆಯಲ್ಲಿ ಶಾಂತಿ ನೆಲೆಸಿತು.

ಮಗಳ ಮನೆಗೆ ಹೋದ ಮೊದಲ ಚಳಿಗಾಲದಲ್ಲಿ ನಾನು ಆ ಕ್ರೀಡಾಂಗಣದ ಒಳಹೊಕ್ಕಿದ್ದು ಹೊರಗಿನ ಕೊರೆವ ಚಳಿಯಲ್ಲಿ ನಡೆದಾಡಲಾಗದೆ. 1988ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ವಿಶ್ವವಿದ್ಯಾಲಯದ ಆವರಣದಲ್ಲಿ ಕಟ್ಟಿದ ‘ಒಲಿಂಪಿಕ್ ಓವಲ್’ ಅದು. ಒಲಿಂಪಿಕ್ಸ್ ಇತಿಹಾಸದಲ್ಲಿ ಸ್ಪೀಡ್ ಸ್ಕೇಟಿಂಗ್ ಮೊದಲ ಬಾರಿಗೆ ಸೂರಿನಡಿ ನಡೆದದ್ದು ಅಲ್ಲಿಯೇ. ಒಲಿಂಪಿಕ್ಸ್ ಮುಗಿದು ದಶಕಗಳಾದರೂ ಆ 400 ಮೀಟರಿನ ಮಂಜಿನ ಪಥ ಖಾಲಿ ಬಿದ್ದಿಲ್ಲ. ಒಂದು ವೇಳೆಯಲ್ಲಿ ರಾಷ್ಟ್ರೀಯ ತಂಡದವರು ಅಭ್ಯಾಸ ಮಾಡಿದರೆ, ಮತ್ತೊಂದು ವೇಳೆಯಲ್ಲಿ ಸಾರ್ವಜನಿಕರು ಶುಲ್ಕ ತೆತ್ತು ಇಳಿಯುತ್ತಾರೆ. ಅವರ ನಡುವೆ ನನಗಿಂತ ಹಿರಿಯರನ್ನು ಕಂಡಾಗ ನನ್ನ ಸಂಕೋಚ ಸಡಿಲವಾಯಿತು. ಮೊದಲ ಚಳಿಗಾಲ ನಿಲ್ಲುವುದನ್ನು ಕಲಿತೆ, ಎರಡನೆಯದು ತಿರುವಿನಲ್ಲಿ ಬೀಳದಿರುವುದನ್ನು ಕಲಿಸಿತು. ಮೂರನೆಯ ಚಳಿಗಾಲದಲ್ಲಿ ಪಂದ್ಯದ ಆಸೆ ಹುಟ್ಟಿತು.

ಈ ಕ್ರೀಡೆಯ ನಿಯಮ ಸರಳ. ಏಕಕಾಲಕ್ಕೆ ಇಬ್ಬರು ಮಾತ್ರ ಓಡುತ್ತಾರೆ, ಒಬ್ಬರು ಒಳಪಥದಲ್ಲಿ, ಇನ್ನೊಬ್ಬರು ಹೊರಪಥದಲ್ಲಿ. ಇಬ್ಬರೂ ಸಮಾನ ದೂರ ಕ್ರಮಿಸಬೇಕಾದುದರಿಂದ ಪ್ರತಿ ಸುತ್ತಿನಲ್ಲಿ ಒಮ್ಮೆ ಪಥ ಬದಲಾಯಿಸುತ್ತಾರೆ. ಗೆಲುವನ್ನು ನಿರ್ಧರಿಸುವುದು ಪಕ್ಕದವರಲ್ಲ, ಗಡಿಯಾರ. ಸರ್ಕಾರಿ ಸೇವೆಯಲ್ಲಿ ಜ್ಯೇಷ್ಠತಾ ಪಟ್ಟಿಯೊಂದೇ ನಮ್ಮನ್ನು ಎಷ್ಟೋ ಮೆಟ್ಟಿಲು ಏರಿಸಿಬಿಡುತ್ತದೆ. ಮಂಜಿನ ಮೇಲೆ ಜ್ಯೇಷ್ಠತೆಗೆ ದೊರಕುವುದು ಫಲಿತಾಂಶ ಪಟ್ಟಿಯಲ್ಲಿ ಒಂದು ಪ್ರತ್ಯೇಕ ವರ್ಗ ಮಾತ್ರ. ‘ಮಾಸ್ಟರ್ಸ್’ ಎಂದು ಕರೆಯುವ ಈ ವರ್ಗಗಳು 30ನೆಯ ವಯಸ್ಸಿಗೇ ಆರಂಭವಾಗಿ, ಐದೈದು ವರ್ಷಗಳ ಅಂತರದಲ್ಲಿ ಮೇಲೇರುತ್ತವೆ. 64ರವನು 60ರಿಂದ 64ರವರೊಡನೆ ಮಾತ್ರ ಹೋಲಿಕೆಗೊಳಗಾಗುತ್ತಾನೆ. ಸ್ಪರ್ಧೆಯನ್ನು ನ್ಯಾಯಯುತವಾಗಿಸಲು ಇದಕ್ಕಿಂತ ಅಗ್ಗದ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಇಳಿವಯಸ್ಸಿನವರಿಗೆ ಈ ಆಟ ಒಗ್ಗುವುದಕ್ಕೆ ಭೌತಶಾಸ್ತ್ರದ ಕಾರಣವೂ ಉಂಟು. ಮಂಜಿನ ಘರ್ಷಣೆ ಅತ್ಯಲ್ಪ, ಸ್ಕೇಟರ್ ಮುಖ್ಯವಾಗಿ ಹೋರಾಡುವುದು ಗಾಳಿಯೊಡನೆ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ದೇಹದ ಶಕ್ತಿ ಶೇಕಡಾ 30ರಷ್ಟು ಕುಗ್ಗಿದರೂ ವೇಗ ಕುಗ್ಗುವುದು ಶೇಕಡಾ 11ರ ಆಸುಪಾಸು ಮಾತ್ರ. ಓಟದಲ್ಲಿ ಪ್ರತಿ ಹೆಜ್ಜೆಗೂ ಮಂಡಿಗೆ ಬೀಳುವ ಪೆಟ್ಟು ಇಲ್ಲಿಲ್ಲ. ಆದರೆ ಗಾಳಿಗೆ ಕಡಿಮೆ ಮೈ ಒಡ್ಡಬೇಕಾದರೆ ಮಂಡಿಯನ್ನು ಆಳವಾಗಿ ಮಡಿಸಿ, ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಬಾಗಿಸಬೇಕು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತದೆ ನಮ್ಮ ಗಾದೆ, ಇಲ್ಲಿ ಗುದ್ದು ಬೀಳುವುದು ಬಗ್ಗದವನಿಗೆ. ಮೇಜಿನ ಮುಂದೆ ಮೂರೂವರೆ ದಶಕ ಕುಳಿತ ನನ್ನ ಸೊಂಟ ಆ ಭಂಗಿಗೆ ಒಪ್ಪಲು ಎರಡು ವರ್ಷ ತೆಗೆದುಕೊಂಡಿತು.

ಪಂದ್ಯದ ದಿನ ನನಗೆ ಜೊತೆಯಾದವರು 71 ವರ್ಷದ ಮಹಿಳೆ, ನಿವೃತ್ತ ಶಾಲಾ ಶಿಕ್ಷಕಿ. ಸ್ಥಳೀಯ ಪಂದ್ಯವಾದುದರಿಂದ ವಯಸ್ಸು, ಲಿಂಗಗಳನ್ನು ನೋಡದೆ, ಹೆಚ್ಚು ಕಡಿಮೆ ಸಮಾನ ವೇಗದವರನ್ನು ಜೋಡಿ ಮಾಡುತ್ತಾರೆ. ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಹೊರಪಥದಲ್ಲಿ ನಿಂತಾಗ, ಐಎಎಸ್ ಸಂದರ್ಶನದ ದಿನವೂ ಹೀಗೆ ಎದೆ ಬಡಿದುಕೊಂಡಿರಲಿಲ್ಲವೆನಿಸಿತು. ಗುಂಡಿನ ಸದ್ದಾಯಿತು. ಮೊದಲ ತಿರುವು ಮುಗಿಯುವ ಹೊತ್ತಿಗೇ ಆಕೆ ಮುಂದಿದ್ದರು. ಕೊನೆಯ ತಿರುವಿನಲ್ಲಿ ನನ್ನ ತೊಡೆಗಳು ಉರಿಯುತ್ತಿದ್ದವು, ಕೈಯೊಂದು ಮಂಜಿಗೆ ತಗುಲಿತು, ಆದರೆ ಬೀಳಲಿಲ್ಲ. ನನ್ನ ಕಾಲ 74.6 ಸೆಕೆಂಡು. ಒಲಿಂಪಿಕ್ ವಿಜೇತ ಪುರುಷರು ಇದೇ ದೂರವನ್ನು 35 ಸೆಕೆಂಡಿನೊಳಗೆ ಮುಗಿಸುತ್ತಾರೆ. ಜೊತೆಗಾತಿ ನನಗಿಂತ ಎಂಟು ಸೆಕೆಂಡು ಮೊದಲೇ ಗುರಿ ತಲುಪಿದ್ದರು. ಕೈ ಕುಲುಕಿ, ‘ತಿರುವಿನಲ್ಲಿ ಹೆದರಿ ಎದ್ದು ನಿಲ್ಲುತ್ತೀರಿ, ಇನ್ನಷ್ಟು ಬಾಗಿ’ ಎಂದರು. ನಮ್ಮ ಊರಿನಲ್ಲಿ ನಿವೃತ್ತರಿಗೆ ‘ಇನ್ನು ಆರಾಮವಾಗಿರಿ’ ಎನ್ನುವವರೇ ಎಲ್ಲರೂ. ನೀವು ಇನ್ನೂ ಸುಧಾರಿಸಬಲ್ಲಿರಿ ಎಂದು ಯಾರಾದರೂ ನನಗೆ ಹೇಳಿ ಬಹಳ ವರ್ಷಗಳಾಗಿದ್ದವು.

ಆ ರಾತ್ರಿ ನನ್ನನ್ನು ಕಾಡಿದ್ದು ಸೋಲಲ್ಲ, ಹಳೆಯ ಕಡತವೊಂದು. ಸೇವೆಯಲ್ಲಿದ್ದಾಗ ಜಿಲ್ಲಾ ಕೇಂದ್ರವೊಂದರ ಕ್ರೀಡಾಂಗಣದ ಓಟದ ಪಥವನ್ನು ಬೆಳಗಿನ ಎರಡು ಗಂಟೆ ಹಿರಿಯ ನಾಗರಿಕರಿಗೆ ತೆರೆಯಬೇಕೆಂಬ ಪ್ರಸ್ತಾವನೆ ನನ್ನ ಮುಂದೆ ಬಂದಿತ್ತು. ‘ಕ್ರೀಡಾ ಸಾಧನೆಗೆ ಪೂರಕವಲ್ಲ, ನಿರ್ವಹಣಾ ವೆಚ್ಚ ಹೆಚ್ಚುವ ಸಂಭವವಿದೆ, ಪ್ರಸ್ತಾವನೆಯನ್ನು ಕೈಬಿಡಬಹುದು’ ಎಂದು ಷರಾ ಬರೆದವನು ನಾನೇ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಸೀಮಾಂತ ವೆಚ್ಚದ ಪ್ರಾಥಮಿಕ ಪಾಠ ಅಂದು ಮರೆತುಹೋಗಿತ್ತು. ಪಥ ಆಗಲೇ ನಿರ್ಮಾಣವಾಗಿತ್ತು, ಕಾವಲುಗಾರನಿಗೆ ಹೇಗೂ ಸಂಬಳ ಸಲ್ಲುತ್ತಿತ್ತು. ಐವತ್ತು ಮಂದಿ ಹಿರಿಯರು ಅದರ ಮೇಲೆ ನಡೆದರೆ, ಓಡಿದರೆ ಸರ್ಕಾರಕ್ಕೆ ತಗಲುವ ಹೆಚ್ಚುವರಿ ವೆಚ್ಚ ನಗಣ್ಯ. ದೊರೆಯುತ್ತಿದ್ದ ಪ್ರಯೋಜನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ನನ್ನ ಮುಂದಿದ್ದ ನಮೂನೆಯಲ್ಲಿ ಅಂಕಣವೇ ಇರಲಿಲ್ಲ. ಅಲ್ಲಿದ್ದದ್ದು ಪದಕಗಳ ಅಂಕಣ ಮಾತ್ರ. ಅಂಕಣವಿಲ್ಲವೆಂಬುದನ್ನು ಎತ್ತಿ ಹೇಳಬೇಕಾಗಿದ್ದ ಅಧಿಕಾರಿಯೂ ನಾನೇ ಆಗಿದ್ದೆ.

ನಮಗೆ ಮಂಜಿನ ಪಥ ಬೇಕಿಲ್ಲ. ಅದು ಶೀತದೇಶಗಳ ಕ್ರೀಡೆ, ಅಲ್ಲಿಗೇ ಸಲ್ಲುವಂಥದು. ಆದರೆ ನಮ್ಮ ಜಿಲ್ಲಾ ಕ್ರೀಡಾಂಗಣಗಳಿಗೆ ಬೀಗವಿದೆ, ಆ ಬೀಗಕ್ಕೆ ಕೀಲಿಯೂ ಇದೆ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಮೇಲಕ್ಕೆ ಐದೈದು ವರ್ಷಗಳ ವರ್ಗಗಳು ವಿಶ್ವದಾದ್ಯಂತ ಚಾಲ್ತಿಯಲ್ಲಿವೆ, ಹೊಸದಾಗಿ ಯಾವುದನ್ನೂ ಆವಿಷ್ಕರಿಸಬೇಕಿಲ್ಲ. ವೈದ್ಯಕೀಯ ತಪಾಸಣೆ, ಒಬ್ಬ ತರಬೇತುದಾರ, ಒಂದು ನಿಲುಗಡಿಯಾರ, ಗೋಡೆಗೆ ಅಂಟಿಸಿದ ಫಲಿತಾಂಶ ಪಟ್ಟಿ, ಇಷ್ಟು ಸಾಕು. ಉದ್ಯಾನಗಳಲ್ಲಿ ಹಿರಿಯರಿಗಾಗಿ ಕಲ್ಲುಬೆಂಚು ಹಾಕಿಸುವುದಷ್ಟೇ ಕರ್ತವ್ಯವೆಂದು ಆಡಳಿತ ಭಾವಿಸಬಾರದು. ಕೂರಲು ಜಾಗ ಕೊಟ್ಟಂತೆ, ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಲೂ ಜಾಗ ಕೊಡಬೇಕು.

ಒಂದು ತಿಂಗಳ ಬಳಿಕ ನಾನು ಮತ್ತೊಮ್ಮೆ ಅದೇ ದೂರ ಓಡಿದೆ. 72.9 ಸೆಕೆಂಡು. ನನ್ನ ವರ್ಗದಲ್ಲಿ ಕೊನೆಯವನೇ. ಫಲಿತಾಂಶದ ಹಾಳೆಯನ್ನು ಪತ್ನಿ ಎರಡು ಬಾರಿ ಓದಿ, ‘ಮುಂದಿನ ವರ್ಷ 65 ತುಂಬುತ್ತದಲ್ಲ, ಆಗ ಬೇರೆ ವರ್ಗ ತಾನೇ?’ ಎಂದು ಕೇಳಿದಳು.