ಹಾಲ್‌ಗೆ ಹೋಂ ಥಿಯೇಟರ್ ಆಂಪ್ಲಿಫೈಯರ್: ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ

ಟಿವಿಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿವೆ. ಅದರೊಳಗಿನ ಸ್ಪೀಕರೂ ಅಷ್ಟೇ ಸಣ್ಣದಾಗಿದೆ. ಚಿತ್ರ ಚೆನ್ನಾಗಿ ಕಾಣುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಮನೆಯ ಹಿರಿಯರು "ಸೌಂಡ್ ಜಾಸ್ತಿ ಮಾಡು" ಎನ್ನುತ್ತಾರೆ, ಜಾಸ್ತಿ ಮಾಡಿದರೆ ಹಾಡು ಕಿವಿಗೆ ಚುಚ್ಚುತ್ತದೆ. ಹೀಗಾಗಿ ಹೋಂ ಥಿಯೇಟರ್ ಆಸೆ ಹುಟ್ಟುತ್ತದೆ. ಆದರೆ ಹಲವು ತಿಂಗಳು ಕೂಡಿಟ್ಟ ಹಣವನ್ನು ತಪ್ಪು ಆಂಪ್ಲಿಫೈಯರ್‌ಗೆ ಸುರಿದರೆ, ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ.

ಆಂಪ್ಲಿಫೈಯರ್ ಆಯ್ಕೆ ಶುರುವಾಗಬೇಕಾದದ್ದು ಅಂಗಡಿಯಲ್ಲಲ್ಲ, ನಮ್ಮ ಹಾಲ್‌ನಲ್ಲಿ. ಇದಕ್ಕೆ ಒಳ್ಳೆಯ ಉದಾಹರಣೆ ಆಂಧ್ರದ ಗಡಿ ಊರು ಆದೋನಿ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವವರೆಗೆ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಕರ್ನೂಲ್ ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ, ಹೊಳಗುಂದ, ಕೌತಾಳಂ ಕಡೆಯೆಲ್ಲಾ, ಕನ್ನಡ ಮಾತನಾಡುವ ಮನೆಗಳಿವೆ. ಅಲ್ಲಿನ ಕಲ್ಲಿನ ನೆಲ, ಸುಡುವ ಬೇಸಿಗೆ, ಗೋಡೆಗೆ ಗೋಡೆ ತಾಗಿದ ಬೀದಿ ಮೂರೂ ಆಂಪ್ಲಿಫೈಯರ್‌ಗೆ ಪರೀಕ್ಷೆಯೇ.

ವ್ಯಾಟ್ ಎಂಬ ಮಾಯೆ

ಡಬ್ಬದ ಮೇಲೆ 5000 ವ್ಯಾಟ್, 10000 ವ್ಯಾಟ್ ಅಂತ ಬರೆದಿದ್ದರೆ ಅದು ಪಿಎಂಪಿಒ ಲೆಕ್ಕ. ಕ್ಷಣಮಾತ್ರದ ಗರಿಷ್ಠ ಶಕ್ತಿಯನ್ನು ಮನಸ್ಸಿಗೆ ಬಂದಂತೆ ಹೇಳುವ ಸಂಖ್ಯೆ ಅದು. ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ.

ಒಳ್ಳೆಯ ಕಂಪನಿಯ ಆರ್‌ಎಂಎಸ್ ಸಂಖ್ಯೆಯನ್ನೂ ಪೂರ್ತಿ ಓದಬೇಕು. ಯಮಹಾ ಆರ್‌ಎಕ್ಸ್-ವಿ385 ಎಂಬ 5.1 ರಿಸೀವರ್‌ನ ವಿವರಪಟ್ಟಿಯಲ್ಲಿ, 6 ಓಮ್ ಸ್ಪೀಕರ್‌ಗೆ ಒಂದೇ ಚಾನೆಲ್, ಒಂದೇ ಸ್ವರದಲ್ಲಿ ಅಳೆದಾಗ 100 ವ್ಯಾಟ್ ಇದೆ. ಎರಡು ಚಾನೆಲ್ ಒಟ್ಟಿಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಅಳೆದಾಗ ಅದೇ ಯಂತ್ರ 70 ವ್ಯಾಟ್. ಎರಡೂ ಸುಳ್ಳಲ್ಲ, ಅಳೆದ ರೀತಿ ಬೇರೆ. ಈ ಗೊಂದಲದ ಕಾರಣಕ್ಕೇ ಅಮೆರಿಕ 1974ರಲ್ಲಿ ಆಂಪ್ಲಿಫೈಯರ್ ಶಕ್ತಿ ಘೋಷಣೆಗೆ ನಿಯಮ ತಂದು, 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು.

ಹಾಗಾದರೆ ಎಷ್ಟು ವ್ಯಾಟ್ ಬೇಕು? ಸಾಮಾನ್ಯ ಸ್ಪೀಕರಿನ ಸಂವೇದನೆ 87 ಡೆಸಿಬೆಲ್ ಅಂದುಕೊಳ್ಳಿ. ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಸದ್ದು. ಹತ್ತು ಅಡಿ ದೂರದ ಸೋಫಾಗೆ ಬರುವಾಗ ಅದು 80ರ ಆಸುಪಾಸಿಗೆ ಇಳಿಯುತ್ತದೆ. ಟಿವಿ ನೋಡಲು ಅದೇ ಜೋರು! ವ್ಯಾಟ್ ದುಪ್ಪಟ್ಟಾದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಸದ್ದು ಎರಡು ಪಟ್ಟು ಎಂದು ಕಿವಿಗೆ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ 12x10 ಅಡಿಯ ಹಾಲ್‌ಗೆ ಚಾನೆಲ್‌ಗೆ 30ರಿಂದ 50 ನಿಜವಾದ ವ್ಯಾಟ್ ಧಾರಾಳ ಸಾಕು. ಉಳಿದ ಹಣ ಸ್ಪೀಕರ್‌ಗೆ ಹೋಗಲಿ.

'5.1' ಎಂದ ಮಾತ್ರಕ್ಕೆ 5.1 ಅಲ್ಲ

ಬ್ಲೂಟೂತ್, ಯುಎಸ್‌ಬಿ, ಎಫ್‌ಎಂ ಇರುವ ಕಡಿಮೆ ಬೆಲೆಯ '5.1' ಪೆಟ್ಟಿಗೆಗಳಲ್ಲಿ ಹಲವಕ್ಕೆ ಡಾಲ್ಬಿ ಡಿಜಿಟಲ್ ಡಿಕೋಡರ್ ಇರುವುದಿಲ್ಲ. ಬರುವ ಎರಡು ಚಾನೆಲ್ ಸದ್ದನ್ನೇ ಆರು ಕಡೆ ಹಂಚುತ್ತವೆ ಅಷ್ಟೇ. ಖರೀದಿಗೆ ಮೊದಲು ಎರಡು ಪ್ರಶ್ನೆ ಕೇಳಿ: ಇದರಲ್ಲಿ ಡಾಲ್ಬಿ ಡಿಕೋಡರ್ ಇದೆಯಾ? ಎಚ್‌ಡಿಎಂಐ ಎಆರ್‌ಸಿ ಇದೆಯಾ? ಎಆರ್‌ಸಿ ಇದ್ದರೆ ಟಿವಿಯಿಂದ ಒಂದೇ ಕೇಬಲ್ ಸಾಕು, ಸಾಮಾನ್ಯವಾಗಿ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ನಡೆಯುತ್ತದೆ. ಹಿರಿಯರಿರುವ ಮನೆಗೆ ಇದು ದೊಡ್ಡ ಅನುಕೂಲ.

ಡಿಕೋಡರ್ ಇಲ್ಲದ ಸ್ಟೀರಿಯೋ ಆಂಪ್ಲಿಫೈಯರ್ ಕೊಂಡರೂ ನಷ್ಟವಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಮಾಡಿ. ಹಾಗೆ ಮಾಡದಿದ್ದರೆ ಕೆಲವು ಸಿನಿಮಾಗಳಲ್ಲಿ ಸದ್ದೇ ಬರುವುದಿಲ್ಲ, ಆಂಪ್ಲಿಫೈಯರ್ ಹಾಳಾಗಿದೆ ಅಂತ ಜನ ಅಂಗಡಿಗೆ ಓಡುತ್ತಾರೆ.

ಕಲ್ಲಿನ ನೆಲ, ಹತ್ತಿಯ ಜಮಖಾನ

ಆದೋನಿ ಕಡೆ ಬೇತಂಚೆರ್ಲ, ಕಡಪ ಕಲ್ಲಿನ ನೆಲಹಾಸು ಸಾಮಾನ್ಯ. ಕಲ್ಲಿನ ನೆಲ, ಸಿಮೆಂಟ್ ಗೋಡೆ, ಆರ್‌ಸಿಸಿ ಮಾಡು ಮೂರೂ ಸದ್ದನ್ನು ಹೀರದೆ ವಾಪಸ್ ಎಸೆಯುತ್ತವೆ. ಮಾತಿನ ಮೇಲೆ ಅದರದೇ ಪ್ರತಿಧ್ವನಿ ಬೀಳುತ್ತದೆ. ಕರಾವಳಿಯಲ್ಲಿ ಟೈಲ್ಸ್ ಹಾಕಿದ ಹೊಸ ಮನೆಗಳ ಕಥೆಯೂ ಇದೇ. ಎಷ್ಟು ದುಬಾರಿ ಆಂಪ್ಲಿಫೈಯರ್ ತಂದರೂ ಈ ಪ್ರತಿಧ್ವನಿ ಹೋಗುವುದಿಲ್ಲ.

ಮದ್ದು ಮಾತ್ರ ಅಗ್ಗ. ಹತ್ತಿ ಮಾರುಕಟ್ಟೆಗೆ ಹೆಸರಾದ ಆದೋನಿ ಹಿಂದೆ ಹತ್ತಿಯ ಜಮಖಾನಕ್ಕೂ ಹೆಸರುವಾಸಿ. ಸ್ಪೀಕರ್ ಮತ್ತು ಸೋಫಾ ನಡುವೆ ಒಂದು ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಮಾತಿನ ಸ್ಪಷ್ಟತೆಯಲ್ಲಿ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಸಬ್‌ವೂಫರನ್ನು ಮೂಲೆಗೆ ತಳ್ಳಬೇಡಿ. 12 ಅಡಿ ಉದ್ದದ ಕೋಣೆ 47 ಹರ್ಟ್ಸ್ ಆಸುಪಾಸಿನ ಬಾಸ್ ಸದ್ದನ್ನು ತಾನಾಗಿ ಉಬ್ಬಿಸುತ್ತದೆ. ಮೂಲೆಯಲ್ಲಿಟ್ಟರೆ ಅದು ಗುಂಯ್‌ಗುಡುತ್ತದೆ, ಪಕ್ಕದ ಮನೆಗೂ ದಾಟುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಪಕ್ಕದ ಮನೆಯಲ್ಲಿ ಹಸುಗೂಸೋ ಕಾಯಿಲೆಯವರೋ ಇದ್ದರೆ ನಿಯಮಕ್ಕಾಗಿ ಕಾಯುವ ಅಗತ್ಯವೂ ಇಲ್ಲ. ರಿಸೀವರಿನ 'ನೈಟ್ ಮೋಡ್' ಹಾಕಿದರೆ ಸ್ಫೋಟದ ಸದ್ದು ತಗ್ಗಿ ಮಾತು ಉಳಿಯುತ್ತದೆ.

ಬಿಸಿ, ಕರೆಂಟು ಮತ್ತು ಗಲ್ಫ್ ಸಾಮಾನು

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಆಂಪ್ಲಿಫೈಯರನ್ನು ಗಾಜಿನ ಶೋಕೇಸ್‌ನೊಳಗೆ ಮುಚ್ಚಿಡಬಾರದು. ಮೇಲೆ, ಪಕ್ಕದಲ್ಲಿ ಗಾಳಿಯಾಡಲು ಜಾಗ ಬಿಡಿ. 'ಕ್ಲಾಸ್ ಎಬಿ' ಆಂಪ್ಲಿಫೈಯರ್ ಎಳೆದ ಕರೆಂಟಿನ ದೊಡ್ಡ ಪಾಲನ್ನು ಬಿಸಿ ಮಾಡಿಯೇ ಕಳೆಯುತ್ತದೆ. 'ಕ್ಲಾಸ್ ಡಿ' ಬಿಸಿಯಾಗುವುದು ಕಡಿಮೆ. ಅಡಾಪ್ಟರಿನಲ್ಲಿ ನಡೆಯುವ ಸಣ್ಣ ಕ್ಲಾಸ್ ಡಿ ಪೆಟ್ಟಿಗೆ ಕೊಳ್ಳುವುದಾದರೆ ಅಡಾಪ್ಟರ್ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಿ.

ವೋಲ್ಟೇಜ್ ಏರಿಳಿತವಿದ್ದರೆ ಸ್ಟೆಬಿಲೈಸರ್ ಇರಲಿ. ಸ್ಪೀಕರಿನಿಂದ ಸದಾ 'ಹಮ್' ಸದ್ದು ಬಂದರೆ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷಿಸಿ. ಆ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕೀಳುವುದು ಜೀವಕ್ಕೇ ಅಪಾಯ.

ಗಲ್ಫ್‌ನಲ್ಲಿರುವ ಅಣ್ಣನೋ ಮಾವನೋ ರಿಸೀವರ್ ತರುವುದಾದರೆ ಹಿಂಬದಿಯ ವೋಲ್ಟೇಜ್ ಮೊದಲು ಓದಿಸಿ. ನಮ್ಮಲ್ಲಿ 230 ವೋಲ್ಟ್. ಸೌದಿಯ ಹಳೆ ಮನೆಗಳಲ್ಲಿ 127 ವೋಲ್ಟ್ ಇತ್ತು, ಅಮೆರಿಕದ ಮಾದರಿಗಳು 120 ವೋಲ್ಟಿನವು. ಅವನ್ನು ಇಲ್ಲಿ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತವೆ. ಹೊರದೇಶದ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ.

ಯಾರಿಗೆ ಯಾವುದು?

* ಮಾತು, ಹಾಡು, ವಾರ್ತೆ ಸ್ಪಷ್ಟ ಕೇಳಿದರೆ ಸಾಕು ಎನ್ನುವವರಿಗೆ: ಎಆರ್‌ಸಿ ಇರುವ ಸ್ಟೀರಿಯೋ ಆಂಪ್ಲಿಫೈಯರ್, ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್.
* ಸಿನಿಮಾ ಹುಚ್ಚಿರುವವರಿಗೆ: ಹೆಸರಾಂತ ಕಂಪನಿಯ ಆರಂಭಿಕ 5.1 ರಿಸೀವರ್. ಆರೂ ಸ್ಪೀಕರ್ ಒಮ್ಮೆಲೇ ಬೇಡ. ಮೊದಲು ಎಡ, ಬಲ, ಸೆಂಟರ್. ಸಿನಿಮಾದ ಮಾತು ಬಹುಪಾಲು ಬರುವುದು ಸೆಂಟರ್‌ನಿಂದಲೇ. ಉಳಿದದ್ದು ಹಣ ಕೂಡಿದ ಹಾಗೆ.
* ಬಾಡಿಗೆ ಮನೆ, ವಯರ್ ಎಳೆಯಲು ಆಗದವರಿಗೆ: ಸೌಂಡ್‌ಬಾರ್.

ಸ್ಪೀಕರ್ ವಯರ್‌ಗೆ ದುಬಾರಿ ಬ್ರ್ಯಾಂಡ್ ಬೇಕಿಲ್ಲ, 1.5 ಚದರ ಮಿ.ಮೀ. ಶುದ್ಧ ತಾಮ್ರ ಸಾಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಪ್ಪದಿರಲಿ. ಒಂದು ಸ್ಪೀಕರ್ ಉಲ್ಟಾ ಆದರೂ ಬಾಸ್ ಮಾಯವಾಗುತ್ತದೆ.

ಅಂಗಡಿಯಲ್ಲಿ ಅವರ ಡೆಮೊ ಹಾಡಿಗೆ ತಲೆದೂಗದೆ, ನಿಮ್ಮ ಮೊಬೈಲಿನಲ್ಲಿರುವ ಪರಿಚಿತ ಮಾತಿನ ದೃಶ್ಯವನ್ನು ಕಡಿಮೆ ವಾಲ್ಯೂಮ್‌ನಲ್ಲಿ ಕೇಳಿ. ಮೆಲ್ಲಗಿಟ್ಟಾಗಲೂ ಪ್ರತಿ ಪದ ಅರ್ಥವಾದರೆ ಅದು ನಿಮ್ಮ ಹಾಲ್‌ಗೆ ತಕ್ಕದ್ದು. ದುಡ್ಡು ಎಣಿಸುವ ಮೊದಲು ರಿಪೇರಿ ಎಲ್ಲಿ ಆಗುತ್ತದೆ ಅಂತಲೂ ಕೇಳಿ. ಆದೋನಿಯವರು ಪ್ರತಿ ಸಲ ಬಳ್ಳಾರಿಗೋ ಕರ್ನೂಲಿಗೋ ಹೊತ್ತೊಯ್ಯಬೇಕೆಂದಾದರೆ, ಊರಲ್ಲೇ ಸರ್ವಿಸ್ ಸಿಗುವ ಕಂಪನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಲಾಭವೇ.